ಒಳಗೆ ಯಾರಿದ್ದಾರೆ?

ಬಿಷ್ಕೆಕ್
2 ಡಿಸೆಂಬರ್ 1997

ಮಾನ್ಯ ಶ್ರೀಮತಿ ಬುರುಲ್ ಅವರಿಗೆ,

ನಾನು ಕ್ಲಾರಾ ತ್ಯಾನ್. ಕರ್ತವ್ಯದಲ್ಲಿ ತೀರಿಕೊಂಡ ಅಗ್ನಿಶಾಮಕರ ಕುಟುಂಬಗಳ ಸಂಘದ ಪರವಾಗಿ ಬರೆಯುತ್ತಿದ್ದೇನೆ. ನಿಮ್ಮ ಪತಿ ದೋಲೋತ್ ಅವರು ಅಕ್ಟೋಬರಿನಲ್ಲಿ ಉಣ್ಣೆ ಗೋದಾಮಿನ ಬೆಂಕಿಯಲ್ಲಿ ತೀರಿಕೊಂಡ ವಿಷಯ ತಿಳಿಯಿತು. ಎಲ್ಲರ ಪರವಾಗಿ ಸಂತಾಪಗಳು.

ಈ ಸಂಘದಲ್ಲಿ ಅಧಿಕಾರಿಗಳು ಯಾರೂ ಇಲ್ಲ. ಇರುವವರೆಲ್ಲ ವಿಧವೆಯರು, ಮಕ್ಕಳನ್ನು ಕಳೆದುಕೊಂಡ ತಾಯಂದಿರು. ಹೊಸಬರಿಗೆ ಹಳಬರೊಬ್ಬರು ಬರೆಯುವುದು ನಮ್ಮ ಪದ್ಧತಿ. ನೀವು ನನ್ನ ಪಾಲಿಗೆ ಬಂದಿದ್ದೀರಿ. ನನ್ನ ಗಂಡ ಮತ್ವೇಯ್ 1979ರಲ್ಲಿ ಮರದ ಅಡ್ಡೆಯೊಂದರ ಬೆಂಕಿಯಲ್ಲಿ ಹೋದರು. ಆ ದುಃಖ ನನ್ನ ಮಟ್ಟಿಗೆ ಎಂದೋ ಮುಗಿದಿದೆ. ಆದ್ದರಿಂದ ಏನು ಬರೆದರೂ ಈಕೆಗೆ ನೋವಾಗಬಹುದು ಎಂಬ ಹೆದರಿಕೆ ಬೇಡ. ಹೆಸರು ನೋಡಿಯೇ ಗೊತ್ತಾಗಿರಬಹುದು, ನಾನು ಕೊರಿಯನ್ನರವಳು, ಹುಟ್ಟಿ ಬೆಳೆದದ್ದು ಇಲ್ಲೇ. ಬಜಾರಿನಲ್ಲಿ ಖಾರದ ಕ್ಯಾರೆಟ್ ಕೋಸಂಬರಿ ಮಾರುತ್ತೇನೆ. ಉಳಿದ ಹೊತ್ತಿನಲ್ಲಿ ಈ ಕೆಲಸ.

ಜೊತೆಗಿರುವ ಪೊಟ್ಟಣದಲ್ಲಿ ಚಹಾಪುಡಿ, ಮಗುವಿಗೆ ಮಿಠಾಯಿ, ಒಂದು ಬಿಳಿ ಉಣ್ಣೆಯ ಶಾಲು ಇವೆ. ಶಾಲು ಸಂಘದ್ದಲ್ಲ, ನನ್ನದು.

ಇನ್ನೊಂದು ಮಾತು. ನಿಮ್ಮ ಪತಿ ಇದ್ದ ಪಟ್ಟಣದ ಠಾಣೆಯಲ್ಲೇ ಒಂದು ಹುದ್ದೆ ಖಾಲಿ ಇದೆ. ಬೆಂಕಿಯ ಕರೆ ಬಂದಾಗ ಫೋನ್ ಎತ್ತಿ, ವಿಷಯ ಕೇಳಿ, ವಾಹನ ಕಳಿಸುವ ಕೆಲಸ. ನಿಮಗೆ ಕೊಡಬೇಕೆಂದು ಸಂಘ ಕೇಳಿಕೊಂಡಿದೆ. ಠಾಣೆಯ ಹಿಂದೆ ವಾಸಕ್ಕೆ ಒಂದು ಕೋಣೆಯೂ ಉಂಟು. ಮಗಳನ್ನು ಕರೆದುಕೊಂಡು ಹೋಗಬಹುದು. ಅವಸರವಿಲ್ಲ.

ಉತ್ತರ ಬರೆಯಲೇಬೇಕೆಂದಿಲ್ಲ.

ಇತಿ,
ಕ್ಲಾರಾ ತ್ಯಾನ್


ಚೋಂಗ್-ತಾಲಾ
20 ಜನವರಿ 1998

ಮಾನ್ಯ ಕ್ಲಾರಾ ಅವರಿಗೆ ನಮಸ್ಕಾರ.

ನಿಮ್ಮ ಪೊಟ್ಟಣ ತಲುಪಿತು. ಚಹಾ ಚೆನ್ನಾಗಿದೆ. ಮಗಳು ಗುಲ್ಸುನ್ ಮಿಠಾಯಿ ತಿಂದಳು. ಅವಳಿಗೆ ಐದು ವರ್ಷ.

ಇಲ್ಲಿ ಎಲ್ಲರೂ ಕ್ಷೇಮ. ಅತ್ತೆ ಊಲ್ಕಾನ್ ಅವರ ಮಂಡಿ ನೋವು ಚಳಿಗೆ ಹೆಚ್ಚಾಗಿದೆ. ಹಿಮ ಜಾಸ್ತಿ. ಕುರಿಗಳಿಗೆ ಹುಲ್ಲು ಸಾಕಾಗುವಷ್ಟಿದೆ. ಈಗಲೂ ದೂರದ ನೆಂಟರು ಮಾತಾಡಿಸಲು ಬರುತ್ತಿದ್ದಾರೆ. ಅವರು ಬಂದಾಗಲೆಲ್ಲ ನಾನು ಗೋಡೆಯ ಕಡೆ ಮುಖ ಮಾಡಿ ಕೂತು ಹಾಡಿ ಅಳಬೇಕು. ಅಭ್ಯಾಸವಾಗಿದೆ.

ನಿಮ್ಮ ಪೊಟ್ಟಣ ಬಂದ ದಿನವೂ ಮನೆಯಲ್ಲಿ ಜನ ಇದ್ದರು.

ಬುರುಲ್


ಬಿಷ್ಕೆಕ್
6 ಫೆಬ್ರವರಿ 1998

ಪ್ರಿಯ ಬುರುಲ್,

ನಿಮ್ಮ ಪತ್ರ ಕಂಡು ಸಮಾಧಾನವಾಯಿತು. ಮೊದಲ ಸಲ ಬರೆದಾಗ ಕೆಲವರು ಹಾಳೆ ತುಂಬ ಕಣ್ಣೀರು ಹಾಕುತ್ತಾರೆ. ಕೆಲವರು ನನ್ನನ್ನೇ ಬೈಯುತ್ತಾರೆ. ನೀವು ಗಟ್ಟಿ ಇದ್ದೀರಿ.

ಶಾಲಿನ ವಿಷಯ ನೀವು ಬರೆಯಲಿಲ್ಲ. ಒರಟು ಅನಿಸಿತೇ? ಎರಡು ಸಲ ಒಗೆದರೆ ಮೆತ್ತಗಾಗುತ್ತದೆ. ಪೆಟ್ಟಿಗೆಯಲ್ಲಿಟ್ಟು ನುಸಿಗೆ ಕೊಡಬೇಡಿ. ಜನ ಬಂದಾಗ ಹೊದ್ದುಕೊಂಡೇ ಕೂತಿರಿ. ನಾಲ್ಕು ಜನ ನೋಡಲಿ. ನಾಚಿಕೆ ಯಾಕೆ?

ಠಾಣೆಯ ಕೆಲಸ ಇನ್ನೂ ಹಾಗೇ ಇದೆ. ಪಟ್ಟಣದಲ್ಲಿ ಶಾಲೆ ಹತ್ತಿರ, ಮಗಳಿಗೂ ಅನುಕೂಲ. ಮನೆಯ ನಾಲ್ಕು ಗೋಡೆಯ ನಡುವೆ ಕೂತರೆ ದುಃಖ ಕರಗುವುದಿಲ್ಲ. ಇದು ನನ್ನ ಅನುಭವದ ಮಾತು.

ಇತಿ,
ಕ್ಲಾರಾ


ಚೋಂಗ್-ತಾಲಾ
15 ಮಾರ್ಚ್ 1998

ಕ್ಲಾರಾ ಅವರೇ,

ದಯವಿಟ್ಟು ಇನ್ನು ನನಗೆ ಏನೂ ಕಳಿಸಬೇಡಿ. ನನ್ನನ್ನು ಗಟ್ಟಿ ಅಂದಿರಿ. ನಾನು ಗಟ್ಟಿ ಇಲ್ಲ, ಬಾಯಿಗೆ ಬೀಗ ಹಾಕಿಕೊಂಡಿದ್ದೆ ಅಷ್ಟೆ.

ಡಿಸೆಂಬರಿನಲ್ಲಿ ನಿಮ್ಮ ಪೊಟ್ಟಣ ಬಂದಾಗ ನಾದಿನಿಯರು, ಅತ್ತೆಯ ಅಕ್ಕ, ಪಕ್ಕದ ಊರಿನ ಹೆಂಗಸರು ಎಲ್ಲರೂ ಕೂತಿದ್ದರು. ಕಟ್ಟು ಬಿಚ್ಚಿದವರು ಅತ್ತೆಯೇ. ಮೊದಲು ಕೈಗೆ ಬಂದದ್ದು ಆ ಬಿಳಿ ಶಾಲು. ಅತ್ತೆ ಅದನ್ನು ಮಡಚಿ ತಮ್ಮ ಹಾಸಿಗೆಯ ಕೆಳಗೆ ತುರುಕಿಬಿಟ್ಟರು.

ನಮ್ಮಲ್ಲಿ ವಿಧವೆಗೆ ವರ್ಷ ತುಂಬುವವರೆಗೆ ಕಪ್ಪು. ವರ್ಷ ತುಂಬಿದ ದಿನ ಕುದುರೆ ಕಡಿದು ಊರಿಗೆಲ್ಲ ಊಟ ಹಾಕಿ, ಗಂಡನ ತಾಯಿ ತನ್ನ ಕೈಯಾರೆ ಕಪ್ಪು ತೆಗೆದು ಬಿಳಿ ಹೊದಿಸುತ್ತಾಳೆ. ಸೂತಕ ಮುಗಿಯಿತು, ಇನ್ನು ನಿನ್ನ ದಾರಿ ನೀನು ನೋಡಿಕೋ, ಮದುವೆಯಾದರೂ ಆಗು ಎಂದು ಅದರ ಅರ್ಥ. ಮಣ್ಣು ಮಾಡಿ ಎರಡು ತಿಂಗಳಾಗುವುದರೊಳಗೆ ಯಾರೋ ಗುರುತಿಲ್ಲದ ಹೆಂಗಸು ನನಗೆ ಬಿಳಿ ಕಳಿಸಿದಳು! ಅದೂ ಪಟ್ಟಣದ ಕೆಲಸ, ವಾಸದ ಕೋಣೆಯ ಸಮೇತ!

ನಿಮ್ಮ ಎರಡನೆಯ ಪತ್ರವನ್ನು ಅತ್ತೆ ಮೊದಲು ನನ್ನ ಕೈಗೆ ಕೊಡಲೇ ಇಲ್ಲ. ಅವರಿಗೆ ಓದು ಬಾರದು, ನೇರ ನಮ್ಮ ಊರ ಶಾಲೆಯ ಮುಕಾಶ್ ಮೇಷ್ಟ್ರ ಮನೆಗೆ ತೆಗೆದುಕೊಂಡು ಹೋಗಿ ಓದಿಸಿದರು. "ನಾಲ್ಕು ಜನ ನೋಡಲಿ" ಅಂತ ಬರೆದಿದ್ದೀರಲ್ಲ, ಅದನ್ನು ಮೇಷ್ಟ್ರು ಎರಡು ಸಲ ಓದಬೇಕಾಯಿತಂತೆ. ಮನೆಗೆ ಬಂದವರೇ ಕೇಳಿದರು:

"ಯಾರೇ ಈ ಕ್ಲಾರಾ? ಅವಳಿಗೆ ಮದುವೆಗೆ ಬಂದ ಮಗ ಇದಾನಾ?"

"ನನಗೇನು ಗೊತ್ತು ಅತ್ತೆ, ಅವರ ಮುಖಾನೇ ನೋಡಿಲ್ಲ."

"ಮುಖ ನೋಡ್ದೇ ಇರೋಳು ಬಿಳಿ ಕಳಿಸ್ತಾಳಾ? ನೀನು ಕೇಳಿದೀಯ, ಅವಳು ಕಳಿಸಿದಾಳೆ. ಹೋಗ್ಬೇಕಂದ್ರೆ ಹೋಗು ತಾಯಿ, ಕಟ್ಟಿಹಾಕಿಲ್ಲ ನಿನ್ನ. ಗುಲ್ಸುನ್ ಮಾತ್ರ ನನ್ನ ಮಗನ ರಕ್ತ. ಅವಳು ಈ ಹೊಸಿಲು ದಾಟಲ್ಲ."

ಆವತ್ತಿನಿಂದ ನನ್ನ ಜೊತೆ ಮಾತಿಲ್ಲ. ಉಪ್ಪು ಬೇಕಾದರೂ ಮಗಳ ಕೈಲಿ ಹೇಳಿಸುತ್ತಾರೆ. ನನಗೆ ಗಂಡ ಹೋದ. ಈಗ ನಿಮ್ಮ ಉಪಕಾರದಿಂದ ಮಗಳೂ ಹೋಗುವಂತಿದೆ. ಸಂಘದವರು ಇದಕ್ಕೂ ಒಂದು ಸಂತಾಪ ಕಳಿಸುತ್ತೀರೋ?

ಬುರುಲ್


ಬಿಷ್ಕೆಕ್
28 ಮಾರ್ಚ್ 1998

ಬುರುಲ್,

ಪತ್ರ ಓದಿ ಅಂಗಡಿ ಮುಚ್ಚಿ ಮನೆಗೆ ಬಂದೆ. ಹಾಗೆಲ್ಲ ಮುಚ್ಚುವವಳಲ್ಲ ನಾನು.

ನಿಮಗೆ ಬೈಯಲು ಹಕ್ಕಿದೆ. ಐವತ್ತೆಂಟು ವರ್ಷ ನಿಮ್ಮವರ ನಡುವೆಯೇ ಬದುಕಿದ್ದೇನೆ. ಅಕ್ಕಪಕ್ಕದಲ್ಲಿ ಸಾವಾದರೆ ಹೋಗಿ ಒಂದು ಬಟ್ಟಲು ಚಹಾ ಕುಡಿದು ಬರುತ್ತೇವೆ. ಕಪ್ಪು ಶಾಲು ಕಣ್ಣಿಗೆ ಬಿದ್ದಿದೆ. ಅದನ್ನು ಯಾವಾಗ ತೆಗೆಯುತ್ತಾರೆ, ಆಮೇಲೆ ಏನು ಹೊದಿಸುತ್ತಾರೆ ಎಂದು ನೋಡುವಷ್ಟು ದಿನ ಯಾರ ಮನೆಯಲ್ಲೂ ನಿಂತಿಲ್ಲ. ನಮ್ಮ ಕೊರಿಯನ್ನರಲ್ಲಿ ಸತ್ತವರಿಗಾಗಿ ಹೆಂಗಸರು ತಲೆಗೆ ಕಟ್ಟುವುದು ಬಿಳಿ. ಅಳುವವರ ಬಣ್ಣ ಅದು. ನೀವು ಅಳುವಾಗ ಬೆಚ್ಚಗಿರಲಿ ಎಂದು ಕಳಿಸಿದೆ. ಬೇರೇನೂ ಇರಲಿಲ್ಲ.

ಅತ್ತೆಯವರಿಗೆಂದು ಪ್ರತ್ಯೇಕ ಹಾಳೆ ಇಟ್ಟಿದ್ದೇನೆ. ನೀವು ಓದಿ ಹೇಳಿದರೆ ನಂಬಲಿಕ್ಕಿಲ್ಲ, ಮೇಷ್ಟ್ರೇ ಓದಲಿ. ಅದರಲ್ಲಿ ಮೂರೇ ವಿಷಯ: ಬಿಳಿಯ ಅರ್ಥ, ನೀವು ಶಾಲನ್ನಾಗಲಿ ಕೆಲಸವನ್ನಾಗಲಿ ಕೇಳಿರಲಿಲ್ಲ ಎಂಬುದು, ನನಗೆ ಇರುವವರು ಮೂವರು ಹೆಣ್ಣುಮಕ್ಕಳು, ಗಂಡು ಸಂತಾನ ಇಲ್ಲ ಎಂಬುದು.

ಕ್ಲಾರಾ


ಚೋಂಗ್-ತಾಲಾ
30 ಏಪ್ರಿಲ್ 1998

ಕೊರಿಯಾದವಳೇ,

ಊಲ್ಕಾನ್ ಹೇಳ್ತಾ ಇದೀನಿ, ಮುಕಾಶ್ ಮೇಷ್ಟ್ರು ಬರೀತಾ ಇದಾರೆ. ನಾನು ಹೇಳಿದ್ದು ಹಾಗೇ ಬರೀಬೇಕು, ನುಣುಪು ಮಾಡಬಾರ್ದು ಅಂತ ಮೊದಲೇ ಹೇಳಿದೀನಿ. ತಲೆ ಆಡಿಸ್ತಾ ಇದಾರೆ.

ನಿನ್ನ ಕಾಗದ ಓದಿಸ್ಕೊಂಡೆ. ಬಿಳಿ ಕಟ್ಕೊಂಡು ಅಳೋ ಜನಾನೂ ಇದಾರೆ ಅಂತ ಹಲ್ಲೆಲ್ಲಾ ಉದುರಿದ ಮೇಲೆ ಗೊತ್ತಾಯ್ತು ನನಗೆ. ಲೋಕ ದೊಡ್ಡದು. ಸೊಸೆ ಹತ್ರ ಮಾತು ಶುರು ಮಾಡಿದೀನಿ. ಅವಳೂ ಕಮ್ಮಿ ಇಲ್ಲ, ಮೊದಲ ದಿನ ನನಗೆ ಉತ್ತರಾನೇ ಕೊಡ್ಲಿಲ್ಲ. ಒಳ್ಳೇದೇ ಮಾಡಿದ್ಲು.

ಆದ್ರೆ ಕೆಲಸದ ಮಾತು ಬೇಡ. ಶಾಲಿನ ತಪ್ಪು ಬೇರೆ, ಠಾಣೆಯ ತಪ್ಪು ಬೇರೆ. ಆ ಠಾಣೆ ನನ್ನ ಮಗನನ್ನ ತಿಂತು. ಅದರ ಬಾಗಿಲಿಗೆ ಸೊಸೆಯನ್ನೂ ಕಳಿಸ್ಲಾ? ಆ ಫೋನು ಬಡ್ಕೊಂಡಿದ್ದಕ್ಕೇ ಅಲ್ವಾ ಅವನು ಹೋಗಿದ್ದು? ಈಗ ಇವಳು ಅದರ ಮುಂದೆ ಕೂತು ಬೇರೆ ತಾಯಂದಿರ ಮಕ್ಕಳನ್ನ ಕಳಿಸ್ಬೇಕಾ? ಅವಳು ಹಠ ಹಿಡಿದ್ರೆ ನಾನು ತಡೆಯೋಕಾಗಲ್ಲ. ಮೊಮ್ಮಗಳನ್ನ ಮಾತ್ರ ಬಿಡಲ್ಲ. ಇದು ನಿನಗೂ ಗೊತ್ತಿರ್ಲಿ, ಅವಳಿಗೂ ಗೊತ್ತಿರ್ಲಿ.

ಇನ್ನು ನಿನ್ನ ಮಾತು. ನಿನ್ನ ದುಃಖ ಎಂದೋ ಮುಗೀತು ಅಂತ ಮೊದಲ ಕಾಗದದಲ್ಲೇ ಬರೆದಿದೀಯಂತೆ. ಮುಗಿಯೋಕೆ ಅದೇನು ಕುರಿ ತುಪ್ಪಟ ಕತ್ತರಿಸೋ ಕೆಲಸಾನಾ? ನಿನ್ನ ಗಂಡ ಯಾವ ಕುದುರೆ ಹತ್ತುತಿದ್ದ? ಅವನಪ್ಪ ಯಾರು? ಊಟಕ್ಕೆ ಏನಿಷ್ಟ? ಸತ್ತಾಗ ಯಾರು ಹಾಡಿ ಅತ್ತರು? ಇದಿಷ್ಟೂ ಬರಿ. ಹೆಣ್ಣೊಬ್ಬಳು ಗಂಡನನ್ನ ಕಳ್ಕೊಂಡಿದೀನಿ ಅಂದ್ರೆ ನಾವು ಕೇಳೋದು ಇವೇ ಪ್ರಶ್ನೆ. ನೀನು ನನ್ನ ಸೊಸೇನ ಇದ್ಯಾವುದೂ ಕೇಳಿಲ್ಲವಂತೆ. ಅದೆಂಥಾ ಸಂಘಾನಮ್ಮಾ ನಿಮ್ಮದು?

ಮಂಡಿ ನೋವು, ಕುಳಿತಲ್ಲಿಂದಲೇ ಸಲಾಂ.

ಊಲ್ಕಾನ್


ಬಿಷ್ಕೆಕ್
25 ಮೇ 1998

ಪ್ರಿಯ ಬುರುಲ್,

ಅತ್ತೆಯವರ ಪತ್ರ ತಲುಪಿತು. ನಿಮ್ಮಿಬ್ಬರ ನಡುವೆ ಮಾತು ಸರಿಹೋದದ್ದು ಸಂತೋಷ. ನನ್ನ ಗಂಡನಿಗೆ ಕುದುರೆ ಇರಲಿಲ್ಲವೆಂದು ಅವರಿಗೆ ತಿಳಿಸಿ. ಉಳಿದ ಪ್ರಶ್ನೆಗಳು ಸಂಘದ ಕೆಲಸಕ್ಕೆ ಸಂಬಂಧಪಟ್ಟವಲ್ಲ.

ಹುದ್ದೆಯ ಬಗ್ಗೆ ನೀವಾಗಿ ಇದುವರೆಗೆ ನನಗೆ ಒಂದು ಮಾತೂ ಬರೆದಿಲ್ಲ. ಸುಮ್ಮನಿರುವುದೆಂದರೆ ಬೇಡವೆಂದೇ ತಿಳಿದಿದ್ದೇನೆ. ನಿಮ್ಮ ಸ್ಥಿತಿಯಲ್ಲಿ ಅದೇ ಸರಿ. ಮಗಳಿಗಿಂತ ಹೆಚ್ಚಿನದು ಯಾವುದಿದೆ? ಜೂನ್ ಕೊನೆಯಲ್ಲಿ ಬೇರೆಯವರಿಗೆ ಕೊಡಿ ಎಂದು ಠಾಣೆಗೆ ಬರೆಯುತ್ತೇನೆ.

ಇತಿ,
ಕ್ಲಾರಾ ತ್ಯಾನ್


ಬೆಟ್ಟದ ಮೇಲಿನ ಹುಲ್ಲುಗಾವಲು
11 ಜೂನ್ 1998

ಕ್ಲಾರಾ ಅಕ್ಕ,

ಬರೆಯಬೇಡಿ! ಯಾರಿಗೂ ಕೊಡಬೇಡಿ! ನಿಮ್ಮ ಪತ್ರ ಊರಿನಲ್ಲಿ ಕೂತಿತ್ತು. ನಾವು ಕುರಿ ಕುದುರೆ ಹೊಡೆದುಕೊಂಡು ಮೇಲೆ ಬಂದಿದ್ದೇವೆ. ಹಾಲಿನ ಲಾರಿಯವನು ಇವತ್ತು ತಂದುಕೊಟ್ಟ. ಅವನು ಕುದುರೆ ಹಾಲಿನ ಕುಮಿಸ್ ಕುಡಿದು ಮುಗಿಸುವುದರೊಳಗೆ ಇದನ್ನು ಬರೆದು ಕೊಡಬೇಕು.

ನನಗೆ ಆ ಕೆಲಸ ಬೇಕು. ನಿಮ್ಮ ಮೊದಲ ಪತ್ರ ಓದಿದ ದಿನದಿಂದ ಬೇಕು. ಅತ್ತೆಯ ಮುಂದೆ ಹೇಳಲು ಧೈರ್ಯವಿರಲಿಲ್ಲ. ನಿಮಗೆ ಬರೆದರೆ ಅದೂ ಮೇಷ್ಟ್ರ ಮನೆ ಸೇರುತ್ತದೆಂದು ಹೆದರಿದ್ದೆ.

ಯಾಕೆ ಬೇಕು ಎಂದು ಹೇಳಿಬಿಡುತ್ತೇನೆ. ಆ ಮಧ್ಯಾಹ್ನ ಗೋದಾಮಿನ ಎದುರು ಮನೆಯ ಹೆಂಗಸೊಬ್ಬಳು ಠಾಣೆಗೆ ಫೋನ್ ಮಾಡಿದಳು. ಬೆಂಕಿ ಬಿದ್ದಿದೆ, ಕಾವಲುಗಾರ ಸತಾರ್ ಮುದುಕ ಒಳಗೇ ಇದ್ದಾನೆ ಎಂದಳು. ಅವಳು ನೋಡಿರಲಿಲ್ಲ. ಬೀದಿಯಲ್ಲಿ ಯಾರೋ ಅಂದದ್ದನ್ನು ಅಂದಳು. ಫೋನ್ ಎತ್ತಿದವನೂ ಮುಂದೆ ಏನೂ ಕೇಳಲಿಲ್ಲ. ಮನುಷ್ಯ ಒಳಗಿದ್ದಾನೆ ಅಂದ ಮೇಲೆ ದೋಲೋತ್ ನಿಲ್ಲುತ್ತಾರೆಯೇ? ಚಾವಣಿ ಬಿತ್ತು. ಸತಾರ್ ಆ ಹೊತ್ತಿಗೆ ತಂಗಿಯ ಮಗಳ ಮದುವೆಯಲ್ಲಿ ಊಟಕ್ಕೆ ಕೂತಿದ್ದ.

ನನ್ನ ಗಂಡ ಯಾರನ್ನೋ ಉಳಿಸಲು ಹೋಗಿ ಸತ್ತ ಎಂದು ಎಲ್ಲರೂ ಹಾಡುತ್ತಾರೆ. ನಾನೂ ಹಾಗೇ ಹಾಡಿದ್ದೇನೆ. ಒಳಗೆ ಯಾರೂ ಇರಲಿಲ್ಲ ಅಕ್ಕ. ಖಾಲಿ ಗೋದಾಮಿಗೆ ಹೋಗಿ ಸತ್ತರು. ನನಗೆ ಹೊಟ್ಟೆ ಉರಿಯುವುದು ಅದಕ್ಕೆ. ಆ ಫೋನಿನ ಮುಂದೆ ನಾನು ಕೂರಬೇಕು. ಒಳಗೆ ಯಾರಿದ್ದಾರೆ, ಕಣ್ಣಾರೆ ನೋಡಿದಿರಾ ಎಂದು ಕೇಳಬೇಕು. ಅಷ್ಟೇ ನನಗೆ ಬೇಕಾದದ್ದು. ಮಗಳೂ ಬೇಕು. ಎರಡೂ ಬೇಕು ಅಂದರೆ ಅತಿಯಾಸೆಯೇ?

ಲಾರಿಯವನು ಎದ್ದ. ನಿಮ್ಮ ಶಾಲು ಈಗ ಅತ್ತೆಯ ಮಂಡಿಗೆ ಸುತ್ತಿಕೊಂಡಿದೆ. ಒಳ್ಳೇ ಉಣ್ಣೆ ಅನ್ನುತ್ತಾರೆ.

ಬುರುಲ್


ಬಿಷ್ಕೆಕ್
3 ಜುಲೈ 1998

ಬುರುಲ್,

ತಡೆದಿದ್ದೇನೆ. ನಾನು ಬರೆದ ಪತ್ರ ಅಂಚೆಗೆ ಹೋಗಿಬಿಟ್ಟಿತ್ತು. ಹಿಂದೆಯೇ ತಂತಿ ಕೊಟ್ಟೆ. ಠಾಣೆಯವರು ನನಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು. ಅಕ್ಟೋಬರ್ ಮಧ್ಯದವರೆಗೆ ಕಾಯುತ್ತಾರೆ, ಅದಕ್ಕಿಂತ ಮುಂದೆ ಇಲ್ಲ. ನಿಮ್ಮ ಮೌನದ ಅರ್ಥ ಮಾಡುವುದರಲ್ಲಿ ನಾನು ಎರಡನೆಯ ಸಲ ಎಡವಿದೆ. ಇನ್ನು ಮುಂದೆ ಕೇಳಿಯೇ ತಿಳಿಯುತ್ತೇನೆ.

ಎರಡೂ ಬೇಕೆನ್ನುವುದು ಅತಿಯಾಸೆ ಅಲ್ಲ.

ಅತ್ತೆಯವರ ಪ್ರಶ್ನೆಗಳಿಗೆ ಉತ್ತರ. ಬೇಕಾದರೆ ಓದಿ ಹೇಳಿ.

ಕುದುರೆ ಇಲ್ಲ. ಹತ್ತುತ್ತಿದ್ದದ್ದು ಕೆಂಪು ಬಣ್ಣದ ನೀರಿನ ಲಾರಿ. ಅದರ ಗಂಟೆಯನ್ನು ಭಾನುವಾರ ತಾನೇ ಉಜ್ಜಿ ತೊಳೆಯುತ್ತಿದ್ದ. ಅಪ್ಪನ ಹೆಸರು ಪಾವೆಲ್, ಭತ್ತ ಬೆಳೆಯುತ್ತಿದ್ದವರು. ಊಟ ಏನಾದರೂ ಸರಿ, ಶಬ್ದ ಮಾಡಿಕೊಂಡು ತಿನ್ನುತ್ತಿದ್ದ. ನಾನು ಅದಕ್ಕೆ ದಿನಾ ಬೈಯುತ್ತಿದ್ದೆ. ಚದುರಂಗದಲ್ಲಿ ಸೋಲುತ್ತಿದ್ದ, ಸೋತು ನಗುತ್ತಿದ್ದ.

ಯಾರೂ ಹಾಡಿ ಅಳಲಿಲ್ಲ. ವಾದ್ಯದವರು ಬಂದಿದ್ದರು. ಠಾಣೆಯ ಮುಖ್ಯಸ್ಥರು ಕಾಗದ ನೋಡಿ ಭಾಷಣ ಮಾಡಿದರು. ಆಮೇಲೆ ನನ್ನ ಕೈ ಕುಲುಕಿದರು. ಅಳುವುದಕ್ಕೆ ಹೊತ್ತು ಯಾವುದೆಂದು ಯಾರಾದರೂ ಹೇಳುತ್ತಾರೆಂದು ಕಾದೆ. ಮಕ್ಕಳು ಹಸಿದಿದ್ದರು, ಮನೆಗೆ ಹೋಗಿ ಅನ್ನಕ್ಕಿಟ್ಟೆ. ಮುಗಿಯಿತು ಅಂದದ್ದು ಅದನ್ನೇ.

ಇದನ್ನು ಬರೆಯಲು ನನಗೆ ಇಡೀ ಭಾನುವಾರ ಹಿಡಿಯಿತು. ನಿಮ್ಮ ಅತ್ತೆ ಕೆಟ್ಟ ಹೆಂಗಸು.

ಕ್ಲಾರಾ


ಚೋಂಗ್-ತಾಲಾ
5 ಸೆಪ್ಟೆಂಬರ್ 1998

ಕ್ಲಾರಾ ಅಕ್ಕನಿಗೆ,

ಕೆಳಗೆ ಇಳಿದು ಬಂದಿದ್ದೇವೆ. ಅಕ್ಟೋಬರ್ ಹತ್ತಕ್ಕೆ ವರ್ಷದ ಊಟ. ಅತ್ತೆ ನಿಮ್ಮನ್ನು ಕರೆಯಲು ಹೇಳಿದ್ದಾರೆ. "ಅವಳಿಗೆ ಬರಕ್ಕೆ ಹೇಳು. ಶಬ್ದ ಮಾಡ್ಕೊಂಡು ತಿನ್ನೋನಿಗೆ ಒಬ್ಬರೂ ಹಾಡಿಲ್ಲ ಅಂದ್ರೆ ಅದೇನು ಸಾವಾ?" ಅಂದರು. ನಿಮ್ಮ ಪತ್ರ ಓದಿದಾಗ ಅವರು ನಕ್ಕರು, ಆಮೇಲೆ ಅತ್ತರು. ಕೆಟ್ಟ ಹೆಂಗಸು ಅಂದದ್ದನ್ನೂ ಓದಿಬಿಟ್ಟೆ. ಅದಕ್ಕೂ ನಕ್ಕರು.

ಅದೇ ಧೈರ್ಯದ ಮೇಲೆ ಕೆಲಸದ ಮಾತು ತೆಗೆದೆ. ನನಗೆ ಬೇಕು ಅತ್ತೆ ಅಂದೆ. ಅವರು ಕೈಯಲ್ಲಿದ್ದ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ.

"ಬಿಳಿ ಹೊದಿಸ್ತೀನಿ. ಆಮೇಲೆ ನೀನು ನಿನ್ನ ದಾರಿ. ಯಾರನ್ನಾದ್ರೂ ಕಟ್ಕೋ, ನಾನೇ ಮುಂದೆ ನಿಂತು ಮಗಳ ಹಾಗೆ ಕಳಿಸಿಕೊಡ್ತೀನಿ, ಗುಲ್ಸುನ್‌ನನ್ನೂ ಜೊತೆಗೆ ಕಳಿಸ್ತೀನಿ. ಆ ಠಾಣೆಗೆ ಹೋಗೋದಾದ್ರೆ ಮಗು ಇಲ್ಲೇ."

"ಅದೊಂದಕ್ಕೆ ಯಾಕತ್ತೆ ಹೀಗೆ?"

"ಕೇಳ್ಬೇಡ."

ಆ ಕೆಲಸ ನನಗೆ ಯಾಕೆ ಬೇಕೆಂದು ಹೇಳಲು ಬಾಯಿ ಬರಲಿಲ್ಲ. ನಮ್ಮ ಮನೆಯಲ್ಲಿ ಗೋದಾಮಿನ ಮಾತನ್ನು ಯಾರೂ ಎತ್ತುವುದಿಲ್ಲ. ಅದು ಖಾಲಿ ಇತ್ತು ಎಂದು ಇಡೀ ಊರಿಗೆ ಗೊತ್ತು, ಅತ್ತೆಗೂ ಗೊತ್ತು. ಆದರೆ ಅವರೆದುರು ಅದನ್ನು ಆಡುವ ಗುಂಡಿಗೆ ಯಾರಿಗೂ ಇಲ್ಲ.

ನೀವು ಬರುತ್ತೀರಿ ತಾನೇ?

ಬುರುಲ್


ಬಿಷ್ಕೆಕ್
24 ಸೆಪ್ಟೆಂಬರ್ 1998

ಪ್ರಿಯ ಬುರುಲ್,

ಬರಲಾಗುವುದಿಲ್ಲ. ಅಕ್ಟೋಬರಿನಲ್ಲಿ ಹೊಸ ಕ್ಯಾರೆಟ್ ಬರುವ ಕಾಲ, ಅಂಗಡಿ ಬಿಟ್ಟರೆ ಗಿರಾಕಿ ಪಕ್ಕದವಳ ಪಾಲಾಗುತ್ತಾರೆ. ಘಾಟಿಯ ಮೇಲೆ ಹಿಮವೂ ಬೀಳಬಹುದು.

ನೀವು ನಂಬುವುದಿಲ್ಲವೆಂದು ಗೊತ್ತು. ಅಲ್ಲಿ ಬಂದು ಅತ್ತರೆ ನಿಲ್ಲಿಸುವುದು ಹೇಗೆಂದು ನನಗೆ ತಿಳಿಯದು. ಸಾಕೇ?

ನಿಮ್ಮ ವಿಷಯದಲ್ಲಿ ಸಲಹೆ ಕೊಡುವ ಯೋಗ್ಯತೆ ನನ್ನದಲ್ಲ, ಆದರೂ ಕೊಡುತ್ತೇನೆ. ಜೂನಿನಲ್ಲಿ ನನಗೆ ಬರೆದಿರಲ್ಲ, ಅದನ್ನೇ ಅತ್ತೆಗೆ ಹೇಳಿ. ಒಂದಕ್ಷರ ಬಿಡದೆ. ಕಾರಣ ಗೊತ್ತಿಲ್ಲದೆ ಅವರು ಬೇಡ ಅನ್ನುತ್ತಿದ್ದಾರೆ. ಗೊತ್ತಾದ ಮೇಲೂ ಬೇಡ ಅಂದರೆ, ಆಗ ನಿಮ್ಮ ಮುಂದೆ ಉಳಿಯುವುದು ಒಂದೇ. ಕೆಲಸ ಬಿಡಿ, ಮಗಳನ್ನು ಬಿಡಬೇಡಿ.

ಊಟದ ದಿನ ಇಲ್ಲಿ ನಾನೂ ತಲೆಗೆ ಬಿಳಿ ಕಟ್ಟುತ್ತೇನೆ. ಅಂಗಡಿಯಲ್ಲೇ.

ಕ್ಲಾರಾ


ಚೋಂಗ್-ತಾಲಾ
14 ಅಕ್ಟೋಬರ್ 1998

ಕ್ಲಾರಾ ಅಕ್ಕ,

ಎಲ್ಲ ಮುಗಿಯಿತು. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಘಾಟಿಯಲ್ಲಿ ಹಿಮ ಬೀಳಲಿಲ್ಲ. ಇದು ನಿಮಗೆ ಗೊತ್ತಿರಲಿ ಎಂದು ಬರೆದೆ. ಅಂಗಳದಲ್ಲಿ ಡೇರೆ ಹಾಕಿದ್ದೆವು, ಜನ ಕಿಕ್ಕಿರಿದಿದ್ದರು. ಠಾಣೆಯ ಹುಡುಗರೆಲ್ಲ ಬಂದಿದ್ದರು. ಸತಾರ್ ಮುದುಕನೂ ಬಂದ. ಗೇಟಿನಿಂದಲೇ "ಅಯ್ಯೋ ನನ್ನ ತಮ್ಮಾ" ಎಂದು ಎಲ್ಲರಿಗಿಂತ ಗಟ್ಟಿಯಾಗಿ ಅಳುತ್ತ ಬಂದ. ಅತ್ತೆ ಅವನಿಗೆ ಕೂರಲು ಜಾಗ ತೋರಿಸಿ, ತಾವೇ ಚಹಾ ಕೊಟ್ಟರು.

ದೋಲೋತ್‌ಗೆ ಹಾಡಿ ಮುಗಿಸಿದ ಮೇಲೆ ಹೆಂಗಸರು ಏಳಲು ಹೊರಟರು. ಅತ್ತೆ "ಕೂತ್ಕೊಳ್ರೇ, ಇನ್ನೊಬ್ಬ ಇದಾನೆ" ಅಂದರು. ಹಾಡಿದರು. ಪಾವೆಲನ ಮಗನೇ, ಗಂಟೆ ಕಟ್ಟಿದ ಕೆಂಪು ಕುದುರೆಯವನೇ, ಸೋತು ನಕ್ಕವನೇ, ನಿನ್ನ ಊಟದ ಸದ್ದಿಲ್ಲದ ಮನೆಯಲ್ಲಿ ನಿನ್ನ ಹೆಣ್ಣು ಹೇಗೆ ಉಣ್ಣಲಿ ಎಂದು. ನಮ್ಮ ಊರಿನ ಹೆಂಗಸರು ಮತ್ವೇಯ್ ಯಾರೆಂದು ಗೊತ್ತಿಲ್ಲದೆಯೂ ಅತ್ತರು. ಆಮೇಲೆ ಒಬ್ಬೊಬ್ಬರೂ ತಮ್ಮ ತಮ್ಮವರನ್ನು ನೆನೆಸಿಕೊಂಡು ಅತ್ತರು. ನೀವಿದ್ದಿದ್ದರೆ ಒಬ್ಬರೇ ಅಳಬೇಕಾಗಿರಲಿಲ್ಲ.

ಊಟವಾದ ಮೇಲೆ ಅತ್ತೆ ನನ್ನ ಕಪ್ಪು ತೆಗೆದು ಬಿಳಿ ಹೊದಿಸಿದರು. ಇನ್ನು ನೀನು ನನ್ನ ಸೊಸೆ ಅಲ್ಲ, ಮಗಳು ಎಂದು ಎಲ್ಲರೆದುರಿಗೆ ಹೇಳಿದರು. ಠಾಣೆಯ ಮಾತು ಬರಲಿಲ್ಲ.

ಎರಡು ದಿನ ಕಳೆದು ನೆಂಟರೆಲ್ಲ ಹೋದ ಮೇಲೆ, ಬೆಳಿಗ್ಗೆ ಇಬ್ಬರೂ ಹಿತ್ತಲಲ್ಲಿ ಕಡಾಯಿಗಳನ್ನು ತಿಕ್ಕುತ್ತಿದ್ದೆವು. ಆಗ ಹೇಳಿದೆ. ನೀವು ಹೇಳಿದ ಹಾಗೆ ಒಂದಕ್ಷರ ಬಿಡದೆ. ಎದುರು ಮನೆಯ ಹೆಂಗಸು, ಅವಳು ಹೇಳಿದ್ದು, ಯಾರೂ ಮುಂದೆ ಕೇಳದೇ ಇದ್ದದ್ದು. ಅತ್ತೆ ತಲೆ ಎತ್ತಲಿಲ್ಲ. ತಿಕ್ಕಿದ ಕಡೆಯೇ ತಿಕ್ಕುತ್ತಿದ್ದರು. ಆಮೇಲೆ ಪಕ್ಕದಲ್ಲಿದ್ದ ಮರದ ಸೌಟನ್ನು ತೆಗೆದು ಕಿವಿಗಿಟ್ಟುಕೊಂಡರು.

"ಟ್ರಿಣ್ ಟ್ರಿಣ್" ಅಂದರು.

ನನಗೆ ನಗು ಬಂತು. "ಏನತ್ತೆ ಇದು?"

"ಫೋನ್ ಎತ್ತೇ. ಬಡ್ಕೋತಾ ಇದೆ."

ನಾನು ಒದ್ದೆ ಕೈಯನ್ನೇ ಕಿವಿಗಿಟ್ಟುಕೊಂಡೆ. "ಹಲೋ, ಅಗ್ನಿಶಾಮಕ ಠಾಣೆ."

"ಬೆಂಕಿ! ಬೇಗ ಬನ್ರಪ್ಪಾ! ಉಣ್ಣೆ ಗೋದಾಮು ಹತ್ಕೊಂಡು ಉರೀತಾ ಇದೆ! ಕಾವಲುಗಾರ ಒಳಗಿದಾನೆ!"

ಅವರು ನಗುತ್ತಿರಲಿಲ್ಲ ಅಕ್ಕ. ಮುಖ ಬೇರೆಯಾಗಿತ್ತು. ಗುಲ್ಸುನ್ ಆಟ ಬಿಟ್ಟು ಬಂದು ನಿಂತಳು.

"ಲಾರಿ ಹೊರಡ್ತಾ ಇದೆ ಅಮ್ಮಾ. ಕಾವಲುಗಾರ ಒಳಗಿರೋದನ್ನ ನೀವು ಕಣ್ಣಾರೆ ನೋಡಿದ್ರಾ?"

ಸೌಟು ಕಿವಿಯಲ್ಲೇ ಇತ್ತು.

"ಅಮ್ಮಾ, ನೀವು ನೋಡಿದ್ರಾ?"

"ಇಲ್ಲ. ಯಾರೋ ಅಂದ್ರು."

"ಅಂದೋರು ಅಲ್ಲೇ ಇದಾರಾ? ಹೋಗಿ ಕೇಳ್ಕೊಂಡು ಬನ್ನಿ, ಅವರಾದ್ರೂ ನೋಡಿದ್ರಾ ಅಂತ. ನಾನು ಫೋನ್ ಇಡಲ್ಲ. ಇಲ್ಲೇ ಇರ್ತೀನಿ."

ಅತ್ತೆ ಸೌಟನ್ನು ಮಡಿಲಿಗಿಳಿಸಿದರು.

"ಇಷ್ಟೇನಾ?" ಅಂದರು. "ಇಷ್ಟು ಕೇಳಿದ್ರೆ ಸಾಕಿತ್ತಾ?"

ಹೌದು ಅನ್ನಬಹುದಿತ್ತು. ನಾನು ಸುಳ್ಳು ಹೇಳಲಿಲ್ಲ. "ಗೊತ್ತಿಲ್ಲ ಅತ್ತೆ. ಕೇಳಿದ್ರೂ ಅವರು ಹೋಗ್ತಿದ್ರೋ ಏನೋ. ಆದ್ರೆ ಕೇಳ್ಬೇಕಿತ್ತು" ಅಂದೆ.

ಆಗ ಅವರು ಅತ್ತರು. ಈ ಒಂದು ವರ್ಷದಲ್ಲಿ ಅವರು ಹಾಡಿ ಅತ್ತದ್ದನ್ನು ಎಷ್ಟೋ ಸಲ ಕೇಳಿದ್ದೇನೆ. ಈ ಸಲ ಹಾಡು ಇರಲಿಲ್ಲ. ನಾನೂ ಹಾಗೇ ಅತ್ತುಬಿಟ್ಟೆ. ಗುಲ್ಸುನ್ ಇಬ್ಬರ ನಡುವೆ ಬಂದು ಕೂತಳು.

ಕಡೆಗೆ ಅತ್ತೆ ಮೂಗು ಒರೆಸಿಕೊಂಡು, ಅವಳ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತ ಹೇಳಿದರು: "ಕರ್ಕೊಂಡು ಹೋಗೇ ಇವಳನ್ನ. ಹೋಗಿ ಕೂತ್ಕೋ ಅದರ ಮುಂದೆ. ಒಳಗೆ ಯಾರೂ ಇಲ್ಲ ಅಂದ್ರೆ ಯಾವ ತಾಯಿಯ ಮಗನನ್ನೂ ಒಳಗೆ ಬಿಡಬೇಡ."

ನಾಳೆಯ ಬಸ್ಸಿಗೆ ನಾನೂ ಗುಲ್ಸುನ್ನೂ ಹೊರಡುತ್ತೇವೆ.

ನಿಮ್ಮ ಬುರುಲ್